ಫಾರ್ವರ್ಡ್ ಒತ್ತುವ ಮುಂಚೆ

ಮಗಳೇ, ವೈರಸ್ ಬಗ್ಗೆ ಎಚ್ಚರಿಸುವ ಸಂದೇಶ ಬಂದಾಗ ನಿಮ್ಮ ವಯಸ್ಸಿನವರು ಎರಡರಲ್ಲೊಂದು ಮಾಡುವುದನ್ನು ನೋಡುತ್ತಿರುತ್ತೇನೆ. ಗಾಬರಿಬಿದ್ದು ಎಲ್ಲ ಗುಂಪುಗಳಿಗೂ ಕಳಿಸುತ್ತೀರಿ, ಇಲ್ಲವೇ ‘ಇದೆಲ್ಲ ಬುರುಡೆ’ ಎಂದು ಅಳಿಸಿಬಿಡುತ್ತೀರಿ. ಎರಡೂ ಪೂರ್ತಿ ಓದದೆ ಮಾಡುವ ಕೆಲಸವೇ. ಆ ಸಂದೇಶ ಎಷ್ಟು ಹೆದರಿಸುತ್ತದೆ ಅನ್ನುವುದನ್ನು ಪಕ್ಕಕ್ಕಿಡು. ಕೇಡು ಯಾವ ದಾರಿಯಿಂದ ಒಳಗೆ ಬರುತ್ತದೆ ಎಂದು ಅದು ಹೇಳುತ್ತದೆಯೇ, ಅದನ್ನು ನೋಡು.

1994ರಲ್ಲಿ ಅಮೆರಿಕದಲ್ಲಿ ‘ಗುಡ್ ಟೈಮ್ಸ್’ ಎಂಬ ಎಚ್ಚರಿಕೆ ಹಬ್ಬಿತು. ಆ ಶೀರ್ಷಿಕೆಯ ಇಮೇಲ್ ಓದಿದರೆ ಸಾಕು, ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ, ಪ್ರೊಸೆಸರ್ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿ ಕೆಟ್ಟುಹೋಗುತ್ತದೆ ಎಂದು ಅದರಲ್ಲಿತ್ತು. ನಂಬಿಕೆ ಬರಲೆಂದು ಅಲ್ಲಿನ ದೂರಸಂಪರ್ಕ ಆಯೋಗದ ಹೆಸರನ್ನೂ ಸೇರಿಸಿದ್ದರು. ವೈರಸ್ ಬಗ್ಗೆ ಪ್ರಕಟಣೆ ಹೊರಡಿಸುವುದು ಆ ಆಯೋಗದ ಕೆಲಸವೇ ಅಲ್ಲ. ಅಂಥ ವೈರಸ್ಸೂ ಇರಲಿಲ್ಲ. ಆದರೂ ಆ ಸಂದೇಶ ವರ್ಷಗಟ್ಟಲೆ ಓಡಾಡಿತು, ಏಕೆಂದರೆ ಅದನ್ನು ಓಡಿಸುತ್ತಿದ್ದವರು ಒಳ್ಳೆಯ ಜನ.

2002ರ ಕರಡಿಬೊಂಬೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳು. ಸುಳ್ಳು ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಇದರಷ್ಟು ಚೆನ್ನಾಗಿ ತೋರಿಸಿದ್ದು ನನಗೆ ಇನ್ನೊಂದು ಸಿಕ್ಕಿಲ್ಲ. ಆ ಇಮೇಲ್‌ನಲ್ಲಿ ಇದ್ದದ್ದು ಹೀಗೆ: ನಿಮ್ಮ ಕಂಪ್ಯೂಟರ್‌ನಲ್ಲಿ ‘ಜೆಡಿಬಿಜಿಎಂಜಿಆರ್’ ಎಂಬ ಫೈಲ್ ಹುಡುಕಿ, ಅದರ ಗುರುತಾಗಿ ಪುಟ್ಟ ಕರಡಿಬೊಂಬೆಯ ಚಿತ್ರ ಇರುತ್ತದೆ, ಆಂಟಿವೈರಸ್ ಕೈಗೆ ಅದು ಸಿಗುವುದಿಲ್ಲ, ಹದಿನಾಲ್ಕು ದಿನ ಸುಮ್ಮನಿದ್ದು ಆಮೇಲೆ ಎಲ್ಲ ಹಾಳುಮಾಡುತ್ತದೆ, ಕಂಡ ಕೂಡಲೇ ಅಳಿಸಿ, ನಿಮ್ಮ ವಿಳಾಸ ಪಟ್ಟಿಯಲ್ಲಿರುವ ಎಲ್ಲರಿಗೂ ತಿಳಿಸಿ. ಜನ ಹುಡುಕಿದರು. ಫೈಲ್ ಇತ್ತು. ಕರಡಿಯೂ ಇತ್ತು. ಇರದೆ ಏನು, ಅದು ವಿಂಡೋಸ್ ಜೊತೆಗೇ ಬರುತ್ತಿದ್ದ, ಜಾವಾ ಪ್ರೋಗ್ರಾಂ ಬರೆಯುವವರಿಗೆಂದು ಇಟ್ಟಿದ್ದ ಫೈಲ್! ಕಣ್ಣಾರೆ ಕಂಡ ಮೇಲೆ ಅನುಮಾನ ಎಲ್ಲಿಂದ ಬರಬೇಕು? ತಮ್ಮ ಕೈಯಾರೆ ಅಳಿಸಿ, ಉಳಿದವರಿಗೂ ಕಳಿಸಿದರು. ವೈರಸ್ ಮಾಡಬೇಕಾದ ಎರಡೂ ಕೆಲಸವನ್ನು, ಹಾಳುಮಾಡುವುದು ಮತ್ತು ಹರಡುವುದು, ಮನುಷ್ಯರೇ ಮಾಡಿಕೊಟ್ಟರು. ಆಂಟಿವೈರಸ್‌ಗೂ ಸಿಗುವುದಿಲ್ಲ ಎಂಬ ಒಂದು ಮಾತು ಸೇರಿಸಿದ್ದರಿಂದ ಪರೀಕ್ಷಿಸಿ ನೋಡುವ ದಾರಿಯೂ ಮುಚ್ಚಿಹೋಗಿತ್ತು. ಇವತ್ತಿಗೂ ಯಾವ ಸಂದೇಶವಾದರೂ ‘ಇದಕ್ಕೆ ಔಷಧವೇ ಇಲ್ಲ, ಎಲ್ಲರಿಗೂ ಕಳಿಸಿ’ ಎಂದರೆ ಅಲ್ಲಿಯೇ ನಿಲ್ಲು.

ಹಾಗಂತ ಎಲ್ಲವೂ ಸುಳ್ಳೆಂದುಕೊಂಡವರೂ ಪೆಟ್ಟು ತಿಂದಿದ್ದಾರೆ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ಎಂಬ ಇಮೇಲ್ ವೈರಸ್ ನಿಜವಾದದ್ದೇ. ಲಗತ್ತಿನ ಹೆಸರು ನೋಡುವುದಕ್ಕೆ ಬರೀ ಪಠ್ಯದ ಕಡತದ ಹಾಗಿತ್ತು. ಕೊನೆಯಲ್ಲಿದ್ದ ‘ವಿಬಿಎಸ್’ ಎಂಬ ಮೂರಕ್ಷರವನ್ನು ವಿಂಡೋಸ್ ತಾನಾಗಿಯೇ ಮರೆಮಾಡಿತ್ತು. ಆ ಮೂರಕ್ಷರ ಇದ್ದರೆ ಅದು ಓದುವ ಪತ್ರವಲ್ಲ, ಓಡುವ ಪ್ರೋಗ್ರಾಂ. ತೆರೆದವರ ಫೋಟೋಗಳನ್ನು ಅಳಿಸಿ, ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೋಯಿತು. ‘ಲಗತ್ತು ತೆರೆಯದಿದ್ದರೆ ಏನೂ ಆಗದು’ ಎಂಬ ಹಳೆಯ ನಿಯಮವನ್ನೂ ಕಣ್ಣುಮುಚ್ಚಿ ನಂಬಬೇಡ. 1999ರಲ್ಲಿಯೇ ‘ಬಬಲ್‌ಬಾಯ್’ ಎಂಬುದು ವಿಂಡೋಸ್‌ನ ಭದ್ರತಾ ದೋಷವೊಂದನ್ನು ಹಿಡಿದು, ಔಟ್‌ಲುಕ್‌ನಲ್ಲಿ ಇಮೇಲ್ ತೆರೆದ ಮಾತ್ರಕ್ಕೆ ಒಳಹೊಕ್ಕು ತೋರಿಸಿತ್ತು. 2017ರ ಮೇ 12ರಂದು ಹಬ್ಬಿದ ‘ವನ್ನಾಕ್ರೈ’ಗೆ ಇಮೇಲಿನ ಹಂಗೂ ಬೇಕಿರಲಿಲ್ಲ, ನೆಟ್‌ವರ್ಕ್‌ನಲ್ಲೇ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿತು. ಅದು ನುಗ್ಗಿದ ದೋಷವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ಕ್ಕೇ ಬಿಟ್ಟಿತ್ತು. ಹಾಕಿಕೊಂಡವರು ಬಚಾವಾದರು. ಅಪ್‌ಡೇಟ್ ಕೇಳಿದಾಗ ‘ಆಮೇಲೆ’ ಎಂದು ಒತ್ತುವ ಅಭ್ಯಾಸ ನಿನಗಿದೆ, ನನಗೆ ಗೊತ್ತು. ಅದನ್ನು ಬಿಡು.

ಈಗ ಸುಳ್ಳು, ನಿಜ ಎರಡೂ ಒಂದೇ ವೇಷದಲ್ಲಿ ಬಂದದ್ದನ್ನು ಹೇಳುತ್ತೇನೆ. 2006ರಲ್ಲಿ ಒಂದು ಸಂದೇಶ ಸುತ್ತಾಡಿತು: ‘ಇನ್ವಿಟೇಷನ್’ ಎಂಬ ಹೆಸರಿನ ಲಗತ್ತು ತೆರೆದರೆ ಒಲಿಂಪಿಕ್ ಪಂಜು ಹೊತ್ತಿಕೊಂಡು ಇಡೀ ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದಂತೆ. ಶುದ್ಧ ಸುಳ್ಳು. ಕಳೆದ ಕೆಲವು ವರ್ಷಗಳಿಂದ ನಮ್ಮ ವಾಟ್ಸಾಪ್‌ಗೆ ಮದುವೆ ಕರೆಯೋಲೆ ಎಂದು ಬರುತ್ತಿರುವ ಎಪಿಕೆ ಫೈಲಿನ ಕೇಡು ಮಾತ್ರ ನಿಜ. ‘ಆಮಂತ್ರಣ ಪತ್ರಿಕೆ ತೆರೆಯಬೇಡಿ’ ಎಂಬ ಎರಡು ಎಚ್ಚರಿಕೆಗಳು, ಒಂದು ಸುಳ್ಳು, ಒಂದು ನಿಜ. ಗುರುತಿಸುವುದು ಹೇಗೆ? ಮೊದಲನೆಯದರಲ್ಲಿ ಪಂಜು ಬಿಟ್ಟರೆ ಏನೂ ಇಲ್ಲ. ಎರಡನೆಯದನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ನೋಡಬಹುದು. ಎಷ್ಟೋ ಸಲ ಪರಿಚಯದವರ ನಂಬರಿನಿಂದಲೇ ಬರುತ್ತದೆ, ಏಕೆಂದರೆ ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿರುತ್ತದೆ. ಹೆಸರಿನ ತುದಿಯಲ್ಲಿ ‘ಎಪಿಕೆ’ ಎಂದಿರುತ್ತದೆ, ಅಂದರೆ ಅದು ಆಂಡ್ರಾಯ್ಡ್ ಆಪ್. ಕರೆಯೋಲೆಯಾಗಿದ್ದರೆ ಚಿತ್ರವೋ ವಿಡಿಯೋವೋ ಪಿಡಿಎಫ್ಫೋ ಆಗಿರಬೇಕಿತ್ತು. ಒತ್ತಿದಾಗ ‘ಇನ್‌ಸ್ಟಾಲ್ ಮಾಡಲೇ’ ಎಂದು ಫೋನೇ ಕೇಳುತ್ತದೆ. ಒಪ್ಪಿದರೆ ಎಸ್ಸೆಮ್ಮೆಸ್ ಓದುವ ಅನುಮತಿ ಬೇಡುತ್ತದೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ. ಮದುವೆಗೆ ಕರೆಯುವವರಿಗೆ ನಿನ್ನ ಎಸ್ಸೆಮ್ಮೆಸ್ ಯಾಕೆ ಬೇಕು?

ನಿಜವಾದ ಎಚ್ಚರಿಕೆ ನೋಡುವುದಕ್ಕೆ ನೀರಸ. ಭಾರತ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆ 2004ರಿಂದ ಇಂಥ ಎಚ್ಚರಿಕೆಗಳನ್ನು ಕೊಡುತ್ತಿದೆ. ಅದರ ಒಂದು ಸೂಚನೆಯನ್ನು ತೆರೆದು ನೋಡು: ಕ್ರಮಸಂಖ್ಯೆ, ದಿನಾಂಕ, ಯಾವ ತಂತ್ರಾಂಶ, ಯಾವ ಆವೃತ್ತಿ, ಪರಿಹಾರವೇನು. ಉದ್ಗಾರ ಚಿಹ್ನೆಗಳಿಲ್ಲ, ‘ಇಪ್ಪತ್ತು ಜನಕ್ಕೆ ಕಳಿಸಿ’ ಎಂಬುದಿಲ್ಲ. ಸಂದೇಶದಲ್ಲಿ ಯಾವುದಾದರೂ ಸಂಸ್ಥೆಯ ಹೆಸರಿದ್ದರೆ ಅದರಲ್ಲಿರುವ ಲಿಂಕ್ ಒತ್ತಬೇಡ. ಆ ಸಂಸ್ಥೆಯ ವೆಬ್‌ಸೈಟ್ ವಿಳಾಸವನ್ನು ನೀನೇ ಟೈಪ್ ಮಾಡಿ ಹೋಗಿ ಹುಡುಕು. ವೈರಸ್ ಬಂದಿದೆ ಎಂದು ಹೇಳಿ ಲಿಂಕ್ ಒತ್ತಿಸುವುದೇ ಈಗ ಕಳ್ಳರ ದೊಡ್ಡ ದಂಧೆ.

ಮನೆಯ ಗುಂಪಿನಲ್ಲಿ ದೊಡ್ಡಮ್ಮನೋ ಅಜ್ಜಿಯೋ ಸುಳ್ಳು ಎಚ್ಚರಿಕೆ ಹಾಕಿದರೆ ಎಲ್ಲರೆದುರು ‘ಫೇಕ್’ ಎಂದು ಬರೆಯಬೇಡ. ನಿಮಗೇನೂ ಆಗದಿರಲಿ ಎಂಬ ಕಾಳಜಿಯಿಂದ ಹಾಕಿರುತ್ತಾರೆ. ಫೋನ್ ಮಾಡಿ ಹೇಳು. ಒಮ್ಮೆ ಮುಖಭಂಗವಾದರೆ, ನಾಳೆ ಅನುಮಾನದ ಫೈಲ್ ಬಂದಾಗ ಅವರು ನಿನ್ನನ್ನು ಕೇಳುವುದಿಲ್ಲ, ಸುಮ್ಮನೆ ಒತ್ತಿಬಿಡುತ್ತಾರೆ. ಈ ಮಾತನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೋ.

ಯಾರಾದರೂ ಒತ್ತಿಯೇಬಿಟ್ಟರೆ ಬೈಯುತ್ತ ಕೂರಬೇಡ. ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆಮಾಡಿ ಖಾತೆ ತಡೆಹಿಡಿಸು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡು. ಆಮೇಲೆ ಪರಿಚಯದವರಿಗೆಲ್ಲ ನೀನೇ ಒಂದು ಎಚ್ಚರಿಕೆ ಬರೆಯಬೇಕಾಗುತ್ತದೆ. ಅದರಲ್ಲಿ ಇವತ್ತಿನ ತಾರೀಖು ಹಾಕು, ಯಾವ ನಂಬರಿನಿಂದ ಯಾವ ಹೆಸರಿನ ಫೈಲ್ ಬಂತು, ಒತ್ತಿದ ಮೇಲೆ ಏನಾಯಿತು ಎಂದು ಬರೆ, ಅನುಮಾನವಿದ್ದರೆ ನೇರವಾಗಿ ನಿನಗೇ ಕರೆಮಾಡಲು ಹೇಳು.