ಉತ್ತರಪತ್ರಿಕೆ ಯಾರ ಸೊತ್ತು?

ಪರೀಕ್ಷೆಯ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುವುದುಂಟು. “ನಾನು ಚೆನ್ನಾಗಿಯೇ ಬರೆದಿದ್ದೆ, ಅಂಕ ಇಷ್ಟೇ ಏಕೆ ಬಂದಿತು?” ಎಂದು ಮಗು ಕೇಳುತ್ತದೆ. “ಬರೆದಷ್ಟು ಬಂದಿದೆ, ಸುಮ್ಮನಿರು” ಎಂದು ಹಿರಿಯರು ಹೇಳುತ್ತಾರೆ. ಹಿರಿಯರ ಮಾತು ನಿಜವಿರಬಹುದು, ಇಲ್ಲದಿರಲೂಬಹುದು. ಅದನ್ನು ತಿಳಿಯಬೇಕಾದರೆ ಬರೆದ ಉತ್ತರಪತ್ರಿಕೆಯನ್ನು ತೆರೆದು ನೋಡಬೇಕು.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯನಾಗಿದ್ದಾಗ ನಡೆದ ಸಂಗತಿಯೊಂದು ಇಲ್ಲಿ ನೆನಪಾಗುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತರಗತಿಯಲ್ಲಿ ಹಂಚುವ ರೂಢಿ ಆಗ ನನಗಿರಲಿಲ್ಲ. ಅಂಕಗಳನ್ನು ಓದಿ ಹೇಳಿ, ಕಟ್ಟನ್ನು ಬೀರುವಿನಲ್ಲಿ ಇಟ್ಟುಬಿಡುತ್ತಿದ್ದೆ. ಒಂದು ಸಂಜೆ, ತರಗತಿಯಲ್ಲಿ ಎಂದೂ ತಲೆಯೆತ್ತಿ ಮಾತನಾಡದ ಒಬ್ಬ ಹುಡುಗಿ ಉಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು.

“ಸಾರ್, ನನ್ನ ಪೇಪರನ್ನು ಒಂದು ಸಲ ನೋಡಬಹುದೆ?”

ನನಗೆ ಸ್ವಲ್ಪ ಸಿಟ್ಟೇ ಬಂದಿತು. “ನನ್ನ ಮೇಲೆ ನಂಬಿಕೆಯಿಲ್ಲವೇನಮ್ಮ?” ಎಂದೆ.

“ನಂಬಿಕೆಯಿದೆ ಸಾರ್. ಎಲ್ಲಿ ತಪ್ಪಿದೆನೆಂದು ತಿಳಿದರೆ ಮುಂದಿನ ಸಲ ತಿದ್ದಿಕೊಳ್ಳುತ್ತೇನೆ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಟ್ಟು ಬಿಚ್ಚಿ ಪತ್ರಿಕೆಯನ್ನು ಕೊಟ್ಟೆ. ಅವಳು ಹಾಳೆಗಳನ್ನು ಒಂದೊಂದಾಗಿ ತಿರುವಿ, ಕೊನೆಯ ಹಾಳೆಯ ಹಿಂಬದಿಯನ್ನು ಮೌನವಾಗಿ ನನ್ನ ಮುಂದೆ ಹಿಡಿದಳು. ಪ್ರಬಂಧದ ಕೊನೆಯ ಭಾಗ ಅಲ್ಲಿತ್ತು. ಅದರ ಮೇಲೆ ನನ್ನ ಕೆಂಪು ಶಾಯಿಯ ಒಂದು ಗೆರೆಯೂ ಇರಲಿಲ್ಲ. ನಾನು ಆ ಪುಟವನ್ನು ತಿರುವಿಯೇ ಇರಲಿಲ್ಲ! ಆರು ಅಂಕಗಳು ಸೇರಿದವು, ಅನುತ್ತೀರ್ಣಳೆನಿಸಿದ್ದವಳು ಉತ್ತೀರ್ಣಳಾದಳು. ಅಂದಿನಿಂದ ಪತ್ರಿಕೆಗಳನ್ನು ಹಂಚದೆ ನಾನು ಅಂಕಗಳನ್ನು ಓದಿದ್ದಿಲ್ಲ. ಆದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ, ಕೇಳುವ ಧೈರ್ಯವಿಲ್ಲದೆ ತಲೆತಗ್ಗಿಸಿ ಮನೆಗೆ ಹೋದವರು ಎಷ್ಟು ಮಂದಿಯೋ! ಆ ಲೆಕ್ಕ ನನಗೆ ಎಂದಿಗೂ ಸಿಗಲಾರದು.

ಶಾಲೆಯೊಳಗಿನ ತಪ್ಪು ಹೀಗೆ ಒಂದು ಸಂಜೆಯಲ್ಲಿ ಸರಿಯಾದೀತು. ಸಾರ್ವಜನಿಕ ಪರೀಕ್ಷೆಯ ಮಾತು ಬೇರೆ. ಅಲ್ಲಿ ಪತ್ರಿಕೆಗಳು ಲಕ್ಷಗಟ್ಟಲೆ; ತಿದ್ದುವವರು ಯಾರೆಂದು ಬರೆದವರಿಗೆ ತಿಳಿಯದು. 1984ರಲ್ಲಿ ಮಹಾರಾಷ್ಟ್ರದ ಇಂತಹ ಒಂದು ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಉತ್ತರಪತ್ರಿಕೆಯನ್ನು ವಿದ್ಯಾರ್ಥಿಗೆ ತೋರಿಸುವುದಿಲ್ಲವೆಂಬ ಪರೀಕ್ಷಾ ಮಂಡಲಿಯ ನಿಯಮವನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಪ್ರತಿಯೊಬ್ಬರೂ ಪತ್ರಿಕೆಯನ್ನು ಕೇಳತೊಡಗಿದರೆ ಫಲಿತಾಂಶಕ್ಕೆ ಕೊನೆಯೆಂಬುದೇ ಇರದೆಂಬುದು ಅದಕ್ಕಿದ್ದ ಒಂದು ಮುಖ್ಯ ಕಾರಣ.

2005ರಲ್ಲಿ ಮಾಹಿತಿ ಹಕ್ಕು ಅಧಿನಿಯಮವು ಜಾರಿಗೆ ಬಂದಿತು. 2008ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯ ಪರೀಕ್ಷೆಗೆ ಕುಳಿತಿದ್ದ, ನಿಮಗಿಂತ ತುಸುವೇ ದೊಡ್ಡವನಾದ ವಿದ್ಯಾರ್ಥಿಯೊಬ್ಬನು ತನ್ನ ಪತ್ರಿಕೆಯನ್ನು ತೋರಿಸಬೇಕೆಂದು ಕೇಳಿದನು. ಮಂಡಲಿ ಒಪ್ಪಲಿಲ್ಲ. ವಿವಾದವು ಕಲ್ಕತ್ತಾ ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2011ರ ಆಗಸ್ಟ್ 9ರಂದು ತೀರ್ಪು ಹೊರಬಿದ್ದಿತು. ಅದನ್ನು ಬರೆದವರು, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಆರ್.ವಿ. ರವೀಂದ್ರನ್ ಅವರು.

ಪತ್ರಿಕೆಗಳು ವಿಶ್ವಾಸದಿಂದ ತಮ್ಮ ವಶದಲ್ಲಿರುವಂಥವು, ಅವನ್ನು ಹೊರಗೆಡಹಲಾಗದು ಎಂದು ಮಂಡಲಿ ವಾದಿಸಿತ್ತು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ನಂಬಿ ಇಟ್ಟ ಒಡವೆಯನ್ನು ಊರವರಿಗೆಲ್ಲ ತೋರಿಸಬಾರದು, ನಿಜ. ಇಟ್ಟವನಿಗೇ ತೋರಿಸೆನೆಂದರೆ ಅದು ಯಾವ ನ್ಯಾಯ? ತಿದ್ದಿದ ಪತ್ರಿಕೆಯಲ್ಲಿ ಪರೀಕ್ಷಕರ ಅಭಿಪ್ರಾಯವೂ ಅಡಗಿದೆ, ಅಭಿಪ್ರಾಯವೂ ಮಾಹಿತಿಯೇ. ಆದುದರಿಂದ ವಿದ್ಯಾರ್ಥಿಯು ತನ್ನ ಪತ್ರಿಕೆಯನ್ನು ನೋಡಬಹುದು, ಅದರ ನಕಲನ್ನು ಪಡೆಯಬಹುದು ಎಂದು ತೀರ್ಪಾಯಿತು.

ಈ ಹಕ್ಕಿಗೆ ಎಲ್ಲೆಗಳೂ ಇವೆ. ಪರೀಕ್ಷಕರ ಹೆಸರನ್ನು ತಿಳಿಸಬೇಕಾಗಿಲ್ಲ. ಅವರ ಸುರಕ್ಷತೆಯನ್ನೂ ಕಾಯಬೇಕಷ್ಟೆ. ಪತ್ರಿಕೆಯನ್ನು ಕಾದಿರಿಸುವ ಅವಧಿ ಮುಗಿದ ಮೇಲೆ ಕೇಳಿ ಫಲವಿಲ್ಲ. ಮಾಹಿತಿ ಹಕ್ಕಿನಿಂದ ಪತ್ರಿಕೆ ಕೈಗೆ ಬಂದೀತೇ ಹೊರತು, ಮರುಮೌಲ್ಯಮಾಪನವು ಆಯಾ ಮಂಡಲಿಯ ನಿಯಮದಂತೆಯೇ ನಡೆಯಬೇಕು. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ ಶುಲ್ಕ ತೆತ್ತು ಉತ್ತರಪತ್ರಿಕೆಯ ಪ್ರತಿಯನ್ನು ಪಡೆಯುವ ವ್ಯವಸ್ಥೆಯಿದೆ.

ಇನ್ನು ಕೆಲವೇ ವರ್ಷಗಳಲ್ಲಿ ನೀವು ಕಾಲೇಜಿನ ಮೆಟ್ಟಿಲನ್ನು ಏರುವಿರಿ. ಅಲ್ಲಿ ಹಾಜರಿ, ಶುಲ್ಕ, ಆಂತರಿಕ ಅಂಕ, ಶಿಸ್ತು ಎಂದು ಹಲವು ನಿಯಮಗಳಿರುತ್ತವೆ. ನಿಯಮವಿಲ್ಲದ ವಿದ್ಯಾಲಯವು ದಡವಿಲ್ಲದ ಹೊಳೆಯಂತೆ. ಆದರೆ ನಿಯಮವು ಮೊದಲೇ ತಿಳಿದಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು. ಶಿಕ್ಷಿಸುವ ಮೊದಲು ಆರೋಪವನ್ನು ತಿಳಿಸಿ, ವಿದ್ಯಾರ್ಥಿಯ ಮಾತನ್ನು ಕೇಳಬೇಕು. ಇದನ್ನೇ ಸಹಜ ನ್ಯಾಯವೆನ್ನುತ್ತಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2023ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ವಿದ್ಯಾರ್ಥಿಗಳ ಕುಂದುಕೊರತೆಗಳನ್ನು ಆಲಿಸಲು ಒಂದು ಸಮಿತಿಯಿರಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ, ಅದಕ್ಕೆಂದೇ ನೇಮಕಗೊಂಡ ಲೋಕಪಾಲರ ಬಳಿಗೆ ಹೋಗಬಹುದು.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಕೇಳುವವರು ಬೇಕು. ಕೇಳುವುದಕ್ಕೂ ಒಂದು ರೀತಿಯುಂಟು. ಆ ಹುಡುಗಿ ನನ್ನ ಮೇಲೆ ದೂರು ಹೊರಿಸಲಿಲ್ಲ, ಅಂಕವನ್ನು ಬೇಡಲಿಲ್ಲ. ತನ್ನ ಬರಹವನ್ನು ನೋಡಬೇಕೆಂದಳು, ಅಷ್ಟೆ. ಆ ಪುಟದಲ್ಲಿ ತಪ್ಪು ಅವಳದೇ ಆಗಿದ್ದರೆ ಅದನ್ನೂ ಒಪ್ಪಿಕೊಂಡು ಹೋಗುತ್ತಿದ್ದಳೆಂದು ನಾನು ಬಲ್ಲೆ. ತಪ್ಪು ನನ್ನದಾಗಿತ್ತು. ಅವಳು ಕೇಳದೆ ಹೋಗಿದ್ದರೆ ಅದು ನನಗೂ ತಿಳಿಯುತ್ತಿರಲಿಲ್ಲ.

ಅಭ್ಯಾಸ

1. ಹುಡುಗಿಯ ಪ್ರಶ್ನೆ ಲೇಖಕರಿಗೆ ಮೊದಲು ಸಿಟ್ಟು ತರಿಸಲು ಕಾರಣವೇನು?
2. 1984 ಮತ್ತು 2011ರ ತೀರ್ಪುಗಳಿಗೆ ಇರುವ ವ್ಯತ್ಯಾಸವನ್ನು ವಿವರಿಸಿ.
3. ಉತ್ತರಪತ್ರಿಕೆಯನ್ನು ನೋಡುವ ಹಕ್ಕಿಗಿರುವ ಎಲ್ಲೆಗಳಾವುವು?
4. “ನಿಯಮವಿಲ್ಲದ ವಿದ್ಯಾಲಯವು ದಡವಿಲ್ಲದ ಹೊಳೆಯಂತೆ.” ಸಂದರ್ಭ ಸಹಿತ ವಿವರಿಸಿ.