ಬೀರೂರಿನಲ್ಲಿ ಕವಲೊಡೆಯುವ ಅಕ್ಕಿ

ಬೆಂಗಳೂರಿನಿಂದ ಬರುವ ರೈಲು ಹಳಿ ಕಡೂರು ದಾಟಿ ಬೀರೂರು ಜಂಕ್ಷನ್ನಿನಲ್ಲಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ದಾವಣಗೆರೆಗೆ. ಇನ್ನೊಂದು ತರೀಕೆರೆ ಮೂಲಕ ಭದ್ರಾವತಿ, ಶಿವಮೊಗ್ಗಕ್ಕೆ. ವಾರಾಂತ್ಯದಲ್ಲಿ ಮಕ್ಕಳು, ಅತ್ತೆ-ಮಾವನ ಸಮೇತ ಕಡೂರು, ಅಜ್ಜಂಪುರ, ತರೀಕೆರೆ ಮೂರೂ ಊರು ಸುತ್ತಿದ ಮೇಲೆ, ತಟ್ಟೆಗೆ ಬರುವ ಅಕ್ಕಿಯೂ ಹೆಚ್ಚುಕಡಿಮೆ ಅಲ್ಲೇ ಕವಲೊಡೆಯುತ್ತದೆ ಎನ್ನುವುದು ನನಗೆ ಖಾತ್ರಿಯಾಗಿದೆ.

1947ರವರೆಗೂ ಇಡೀ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹೆಸರು ಕೊಟ್ಟ ಊರಿಗೆ ಮಾತ್ರ ಮಲೆನಾಡಿನ ಮಳೆ ದಕ್ಕಲಿಲ್ಲ. ಶೃಂಗೇರಿ, ಕೊಪ್ಪದಲ್ಲಿ ಹೊರಗೆ ಕಾಲಿಡಲಾಗದಷ್ಟು ಸುರಿಯುವ ಹೊತ್ತಿಗೆ ಕಡೂರು ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಇರುವುದುಂಟು. ತೆಂಗು, ರಾಗಿ, ಈರುಳ್ಳಿಯ ಸೀಮೆ ಇದು. ಸಖರಾಯಪಟ್ಟಣದ ಅಯ್ಯನಕೆರೆ, ಮದಗದ ಕೆರೆ ಇಲ್ಲದಿದ್ದರೆ ಭತ್ತದ ಮಾತೇ ಇರುತ್ತಿರಲಿಲ್ಲ. ಇಲ್ಲಿನ ಹೆದ್ದಾರಿ ಹೋಟೆಲಿನಲ್ಲಿ ನಿಂತು ‘ಈ ಊರಿನ ಸ್ಪೆಷಲ್ ಅನ್ನದ ಐಟಂ ಏನು’ ಎಂದು ಕೇಳಿದರೆ ಚಿತ್ರಾನ್ನ, ರೈಸ್‌ಬಾತ್ ಬರುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದನ್ನು ತಿನ್ನಲು ಇಷ್ಟು ದೂರ ಬರಬೇಕಿಲ್ಲ.

ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲ್ಲೂಕು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಹೆಸರು ಬದಲಾದ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ ಇಲ್ಲಿದೆ. ಬೆಣ್ಣೆಯ ಹೆಸರು ಹೊತ್ತ ಚಾವಡಿಯಿಂದ ಬಂದರೂ ಇವು ಹಾಲಿಗಿಂತ ಓಟಕ್ಕೆ, ದುಡಿಮೆಗೆ ಹೆಸರಾದ ದನಗಳು. ಮಕ್ಕಳಿಗೆ ಆ ಉದ್ದನೆಯ ಚೂಪು ಕೊಂಬುಗಳನ್ನು ನೋಡಿದ ಮೇಲೆ ಬೇರೇನೂ ಬೇಡವಾಗಿತ್ತು.

ಅಜ್ಜಂಪುರದಲ್ಲಿ ಅಕ್ಕಿ ಸಿಗುವುದು ಸಂಜೆ, ಮಂಡಕ್ಕಿಯಾಗಿ. ಭತ್ತವನ್ನು ನೆನೆಸಿ, ಅರೆಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪು ನೀರು ತಾಗಿಸಿ, ಕಾದ ಮರಳಿನಲ್ಲಿ ಅರಳಿಸುವ ಕೆಲಸ ಭಟ್ಟಿಯಲ್ಲೇ ಮುಗಿದಿರುತ್ತದೆ. ಗಾಡಿಯವರು ಅದಕ್ಕೆ ಈರುಳ್ಳಿ, ಖಾರ, ಹುರಿಗಡಲೆ ಪುಡಿ ಬೆರೆಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ದಾವಣಗೆರೆ ದಾರಿಯ ರುಚಿ ಇಲ್ಲಿಂದಲೇ ಶುರು. ಅತ್ತೆ ‘ಇದನ್ನೂ ಅಕ್ಕಿ ಲೆಕ್ಕಕ್ಕೆ ಸೇರಿಸ್ತೀರಾ?’ ಎಂದರು. ಸೇರಿಸಲೇಬೇಕು. ಅಕ್ಕಿ ಅಪರೂಪವಾಗಿದ್ದ ಕಡೆ ಅದು ಹಗುರಾಗಿ, ಡಬ್ಬದಲ್ಲಿ ಕೆಡದೆ ಉಳಿಯುವ ರೂಪ ತಾಳಿತು ಎಂಬುದು ನನ್ನ ಊಹೆ. ಲಕ್ಕವಳ್ಳಿಯ ಭದ್ರಾ ಜಲಾಶಯ 1965ರಲ್ಲಿ ಪೂರ್ಣಗೊಂಡ ಮೇಲೆ ನಾಲೆ ನೀರಿನಲ್ಲಿ ದಾವಣಗೆರೆ ಸುತ್ತ ಭತ್ತ ಧಾರಾಳವಾಗಿ ಬೆಳೆಯಿತು. ನಾಲಿಗೆ ಮಾತ್ರ ಮಂಡಕ್ಕಿ ಬಿಡಲಿಲ್ಲ.

ಇನ್ನೊಂದು ಹಳಿ ಹಿಡಿದರೆ ತರೀಕೆರೆ. ಗಾಳಿ ತಂಪಾಗುತ್ತದೆ, ಅಡಿಕೆ ತೋಟ ಒತ್ತಾಗುತ್ತದೆ, ಕೆಮ್ಮಣ್ಣುಗುಂಡಿಯ ಬೆಟ್ಟ ಕಾಣುತ್ತದೆ. ಇಲ್ಲಿಂದ ಮುಂದೆ ಅಕ್ಕಿ ಎಂದರೆ ಕಡುಬು.

ಹೂರಣ ತುಂಬಿ ಕರಿಯುವ ಹಬ್ಬದ ಕಡುಬಲ್ಲ ಇದು. ತರೀಕೆರೆ ಪಕ್ಕದ ಹಳ್ಳಿಯ ದೊಡ್ಡಮ್ಮನ ಮನೆಯಲ್ಲಿ ಬೆಳಿಗ್ಗೆ ಇದರ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದೆ. ಅಕ್ಕಿಯನ್ನು ಮೊದಲೇ ತೊಳೆದು, ನೆರಳಲ್ಲಿ ಆರಿಸಿ, ಮಿಲ್ಲಿನಲ್ಲಿ ತರಿಯಾಗಿ ಒಡೆಸಿಟ್ಟಿರುತ್ತಾರೆ. ಒಂದು ಪಾವು ತರಿಗೆ ಎರಡರಿಂದ ಎರಡೂವರೆ ಪಾವು ನೀರು. ನೀರಿಗೆ ಉಪ್ಪು, ಜೀರಿಗೆ, ಒಂದಿಷ್ಟು ಕಾಯಿತುರಿ. ಕುದಿ ಬಂದ ಮೇಲೆ ತರಿ ಸುರಿದು ಗಂಟಾಗದಂತೆ ತಿರುವಿ, ಮುಚ್ಚಿಟ್ಟು ಹಬೆಯಲ್ಲಿ ಅರಳಲು ಬಿಡುತ್ತಾರೆ. ಕೈಗೆ ನೀರು ಹಚ್ಚಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಆರಿದರೆ ಬಿರುಕು ಬಿಡುತ್ತದೆ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಹಬೆ.

‘ನೀರು ಎಷ್ಟು ಅಂತ ಅಕ್ಕಿನೇ ಹೇಳ್ತದೆ ಕಣೋ’ ಎಂದರು ದೊಡ್ಡಮ್ಮ. ಅದು ನಿಜ. ಹಳೆ ಅಕ್ಕಿ ಹೆಚ್ಚು ನೀರು ಕುಡಿದು ಬಿಡಿಬಿಡಿಯಾಗಿ ಅರಳುತ್ತದೆ, ಹೊಸ ಅಕ್ಕಿ ಅಂಟಂಟಾಗಿ ಮುದ್ದೆಯಾಗುತ್ತದೆ. ಬೆಂಗಳೂರಿಗೆ ಬಂದು ಅದೇ ಅಳತೆ ಹಾಕಿ, ಅಂಗಡಿಯ ಇಡ್ಲಿ ರವೆಯಲ್ಲಿ ಮಾಡಿದರೆ ಆ ಹದ ಬರುವುದಿಲ್ಲ.

ಜೊತೆಗೆ ಕಾಯಿ ಚಟ್ನಿ, ಮೇಲೆ ತುಪ್ಪ. ಮಾಂಸ ತಿನ್ನುವ ಮನೆಗಳಲ್ಲಿ ನಾಟಿಕೋಳಿ ಸಾರು. ನನ್ನ ತೀರ್ಪು ಕೋಳಿ ಸಾರಿನ ಪರ: ಕಡುಬನ್ನು ಮುರಿದು ಸಾರಿನಲ್ಲಿ ಒಂದೆರಡು ನಿಮಿಷ ಬಿಟ್ಟರೆ ಒಳಗಿನ ತರಿ ಖಾರ ಹೀರಿಕೊಳ್ಳುತ್ತದೆ. ಮಾವನವರಿಗೆ ಚಟ್ನಿ, ತುಪ್ಪವೇ ಸಾಕಾಯಿತು. ದೊಡ್ಡವಳು ಮೊದಲು ಮುಖ ಕಿವುಚಿದಳು, ಬಣ್ಣವೂ ಇಲ್ಲ, ಆಕಾರವೂ ಇಲ್ಲ ಎಂದು. ಮರುದಿನ ಉಳಿದ ಕಡುಬನ್ನು ಕತ್ತರಿಸಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆಯಲ್ಲಿ ಹೊರಳಿಸಿ ಕೊಟ್ಟಾಗ ತಟ್ಟೆ ಬಿಟ್ಟೇಳಲಿಲ್ಲ. ಮಕ್ಕಳಿರುವವರು ಈ ಎರಡನೇ ದಿನದ ಕಡುಬಿನಿಂದ ಶುರುಮಾಡುವುದೇ ಜಾಣತನ.

ಒಂದು ಮಾತು ಹೇಳಲೇಬೇಕು. ಊರ ಸುತ್ತ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ದೊಡ್ಡಮ್ಮನ ಮನೆಯ ತರಿಯೂ ಈಗ ಕೊಂಡು ತಂದ ಅಕ್ಕಿಯದ್ದೇ. ಮಲೆನಾಡಿನ ತಿಂಡಿ, ಮೂಟೆ ಬಯಲುಸೀಮೆಯದು.

ಹೊಟ್ಟೆ ತುಂಬಿದ ಮೇಲೆ ಅಮೃತಾಪುರಕ್ಕೆ ಹೋಗಿಬನ್ನಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಶಿಲ್ಪಿ ರೂವಾರಿ ಮಲ್ಲಿತಮ್ಮನ ಕೈಚಳಕವೂ ಅಲ್ಲಿದೆ, ಕವಿ ಜನ್ನ ರಚಿಸಿದ ಶಾಸನವೂ ಇದೆ. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಸಂಜೆಯ ಬಿಸಿಲೇ ವಾಸಿ.

ಆದರೆ ಕಡುಬಿಗೆ ಸಂಜೆ ಹೋಗಬೇಡಿ. ಅದು ಬೆಳಗಿನ ತಿಂಡಿ. ಸಣ್ಣ ಹೋಟೆಲುಗಳಲ್ಲಿ ದಿನಾ ಮಾಡುವುದೂ ಇಲ್ಲ, ಮಾಡಿದರೂ ಬೇಗ ಖಾಲಿ. ಹೋಂಸ್ಟೇಯಲ್ಲಿ ಉಳಿಯುವವರು ಎಷ್ಟು ಜನ, ಸಾರು ಯಾವುದು ಎಂದು ಹಿಂದಿನ ರಾತ್ರಿಯೇ ಹೇಳಿಡಿ.