ಪ್ಯಾಚ್ ಇಂದೇ ಬಿಡುವುದೋ, ಪರೀಕ್ಷೆ ಮುಗಿಯಲಿ ಎನ್ನುವುದೋ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್‌ನಲ್ಲಿ ಗಂಭೀರ ಭದ್ರತಾ ದೋಷ ಸಿಕ್ಕಿದೆ. ಕೋಡ್ ತಿದ್ದಿಯಾಗಿದೆ. ಇವತ್ತು ರಾತ್ರಿಯೇ ಬಿಡಿ ಎನ್ನುತ್ತಾರೆ ಮ್ಯಾನೇಜರ್. ಎರಡು ವಾರ ಬೇಕೇ ಬೇಕು ಎನ್ನುತ್ತದೆ ಟೆಸ್ಟಿಂಗ್ ತಂಡ. ಯಾರ ಮಾತು ಕೇಳಲಿ?
– ಓದುಗರು, ಬೆಂಗಳೂರು

ಉತ್ತರ: ಈ ದೋಷ ಹೊರಗಿನವರಿಗೆ ಗೊತ್ತಾಗಿದೆಯೇ? ಮೊದಲು ಅದನ್ನು ತಿಳಿದುಕೊಳ್ಳಿ. ಗೊತ್ತಾದ ಸುಳಿವೇ ಇಲ್ಲದಿದ್ದರೆ ಎರಡು ವಾರ ತೆಗೆದುಕೊಳ್ಳಬಹುದು. ದಾಳಿ ಶುರುವಾಗಿದ್ದರೆ ಗಡುವು ನಿಮ್ಮ ಕೈಯಲ್ಲಿಲ್ಲ.

2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯುವ ಜಾವಾ ತಂತ್ರಾಂಶ ಲಾಗ್‌ಫೋರ್‌ಜೆಯ ದೋಷ ಬಯಲಾದಾಗ ಹೀಗೇ ಆಯಿತು. ಲಾಗ್‌ಗೆ ಸೇರುವ ಒಂದೇ ಸಾಲಿನಿಂದ ಸರ್ವರ್ ವಶಪಡಿಸಿಕೊಳ್ಳಬಹುದಿತ್ತು. ಅದನ್ನು ನೋಡಿಕೊಳ್ಳುವ ಅಪಾಚೆ ಸಂಸ್ಥೆಯ ಸ್ವಯಂಸೇವಕರು 10ರಂದು ತಿದ್ದಿದ ಆವೃತ್ತಿ 2.15.0 ಬಿಟ್ಟರು. ಕೆಲವು ಸಂದರ್ಭಗಳಲ್ಲಿ ಅದು ಸಾಲದೆಂದು ತಿಳಿದು 13ಕ್ಕೆ 2.16.0, ಆಮೇಲೆ 2.17.0 ಬಂತು. ಮೊದಲ ಪ್ಯಾಚ್ ಅರೆಬರೆಯಾಗಿತ್ತು, ನಿಜ. ಆದರೂ ಅದನ್ನು ತಡೆದಿಟ್ಟಿದ್ದರೆ ಹಾನಿ ಇನ್ನೂ ಹೆಚ್ಚುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಅವಸರವಿದ್ದಾಗ ಇಷ್ಟನ್ನಂತೂ ಪರೀಕ್ಷಿಸಿ: ಅದೇ ದಾಳಿಯನ್ನು ನೀವೇ ನಾಲ್ಕಾರು ಬಗೆಯಲ್ಲಿ ಮಾಡಿ ನೋಡಿ, ಲಾಗಿನ್, ಹಣ ಪಾವತಿ, ದತ್ತಾಂಶ ಉಳಿಸುವಿಕೆ ಸರಿಯಿದೆಯೇ ನೋಡಿ, ಹಳೆಯ ಆವೃತ್ತಿಗೆ ಮರಳಲು ಬರುತ್ತದೆಯೇ ಖಚಿತಪಡಿಸಿಕೊಳ್ಳಿ. ಉಳಿದ ಪರೀಕ್ಷೆ ಬಿಡುಗಡೆಯ ನಂತರವೂ ನಡೆಯಲಿ. ಮುಖ್ಯವಾಗಿ, ಈ ಪ್ಯಾಚ್ ಜೊತೆ ಹೊಸ ಸೌಲಭ್ಯ ಒಂದನ್ನೂ ತುರುಕಬೇಡಿ. ಎಷ್ಟು ಕಡಿಮೆ ಸಾಲು ಬದಲಾಗುತ್ತದೋ ಅಷ್ಟು ಬೇಗ ಪರೀಕ್ಷೆ ಮುಗಿಯುತ್ತದೆ.

ಪ್ರಶ್ನೆ: 2024ರ ಕ್ರೌಡ್‌ಸ್ಟ್ರೈಕ್ ಅವಾಂತರದ ಮೇಲೆ ಅಪ್‌ಡೇಟ್ ಎಂದರೇ ಭಯ. ಕಚೇರಿಯ ಕಂಪ್ಯೂಟರ್‌ಗಳಲ್ಲಿ ಎಲ್ಲ ನಿಲ್ಲಿಸಿಬಿಡಲೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಬೇಡ. ಆ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ದೋಷದ ಫೈಲನ್ನು 78 ನಿಮಿಷದಲ್ಲೇ ಹಿಂಪಡೆದರೂ ಕುಸಿದವನ್ನು ಒಂದೊಂದಾಗಿ ಎಬ್ಬಿಸಬೇಕಾಯಿತು. ಕ್ರೌಡ್‌ಸ್ಟ್ರೈಕ್‌ನಲ್ಲಿ ಬಿಡುಗಡೆಗೆ ಮುನ್ನ ತಪಾಸಣೆ ಇತ್ತು. ಆದರೆ ತಪಾಸಣೆಯ ತಂತ್ರಾಂಶದಲ್ಲೇ ದೋಷವಿತ್ತು, ಮೇಲಾಗಿ ಫೈಲು ಹಂತ ಹಂತವಾಗಿ ಹೋಗದೆ ಒಮ್ಮೆಗೇ ಎಲ್ಲೆಡೆ ಹೋಯಿತು.

ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳಿದ ವಾನ್ನಾಕ್ರೈ ದಾಳಿಯೇ ಸಾಕ್ಷಿ. ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟದ್ದು 2017ರ ಮಾರ್ಚ್ 14ರಂದು. ದಾಳಿ ನಡೆದದ್ದು ಮೇ 12ರಂದು. ನಡುವಿನ ಎರಡು ತಿಂಗಳು ಪ್ಯಾಚ್ ಹಾಕದೆ ಕೂತವರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳೂ ಇದ್ದವು. ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ಬೇರೆ ಬೇರೆ ವಿಭಾಗಗಳಿಂದ ಕೆಲವೇ ಕಂಪ್ಯೂಟರ್ ಆರಿಸಿ, ಅಪ್‌ಡೇಟ್ ಮೊದಲು ಅವಕ್ಕೆ ಹೋಗಲಿ. ಬಿಲ್ಲಿಂಗ್, ಪ್ರಿಂಟರ್ ಎಲ್ಲ ಒಂದು ದಿನ ನಡೆದರೆ ಉಳಿದವಕ್ಕೆ ಬಿಡಿ. ಇಂಟರ್ನೆಟ್ಟಿಗೆ ನೇರ ತೆರೆದ ಸರ್ವರ್‌ಗೆ ಆ ಒಂದು ದಿನವೂ ಹೆಚ್ಚಾಗಬಹುದು. ಬ್ಯಾಕಪ್ ತೆಗೆದು ಅದೇ ದಿನ ಹಾಕಿ.